ಫೋನಿನಲ್ಲಿ ಮುಳುಗಿದ ಬೋಟುಗಳು

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ. ಫೋನಿಗೆ ಅಷ್ಟೂ ಬೇಡ. ಹೆಬ್ಬೆರಳೊಂದಿದ್ದರೆ ಸಾಕು, ಮೇಲೆ ತಳ್ಳುತ್ತಿದ್ದರೆ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಮಂಡಿ ನೋವಿನಿಂದ ಮೀನಿನ ಬುಟ್ಟಿ ಹೊತ್ತು ಕುಮಟೆಗೆ ಹೋಗುವುದು ನಿಂತಾಗ ಮಗ ತನ್ನ ಹಳೆಯ ಫೋನು ಕೊಟ್ಟ. "ಬೇಜಾರ್ ಬಂದ್ರೆ ನೋಡ್ತಾ ಕೂತ್ಕೋ, ಆಯಿ" ಎಂದ.

ಮೊದಲು ಅಡುಗೆ ನೋಡಿದೆ, ಭಜನೆ ನೋಡಿದೆ, ಯಾರದೋ ಮನೆಯ ಅತ್ತೆ ಸೊಸೆ ಜಗಳ ನೋಡಿ ನಕ್ಕೆ. ಒಂದು ದಿನ ಅಲೆಗೆ ಬೋಟು ಮಗುಚುವುದು ಬಂತು. ಮಗ ತದಡಿ ಬಂದರಿನಿಂದ ಮೀನಿನ ಬೋಟಿಗೆ ಹೋಗುವವನು, ನೋಡದೆ ತಳ್ಳುವುದು ಹೇಗೆ? ಮತ್ತೊಮ್ಮೆ ನೋಡಿದೆ. ಅಲ್ಲಿಂದ ಫೋನು ನನಗೆ ಬರೀ ಮುಳುಗುವ ಬೋಟುಗಳನ್ನೇ ತಂದು ಇಡತೊಡಗಿತು. ಮೀನು ಮಾರುವಾಗ ನಾನೂ ಇದನ್ನೇ ಮಾಡುತ್ತಿದ್ದೆ. ಒಮ್ಮೆ ಬಂಗಡೆ ಮುಟ್ಟಿ ನೋಡಿದವರ ಬಾಗಿಲಿಗೆ ಮರುದಿನವೂ ಬುಟ್ಟಿ ಇಳಿಸುವುದು. ಇಷ್ಟು ತಿಳಿದವಳೇ ಸಿಕ್ಕಿಬಿದ್ದೆ.

ಗಂಜಿ ರುಚಿಸುತ್ತಿರಲಿಲ್ಲ. ಸೊಸೆ ಮಾತಾಡಿಸಿದರೆ ಸಿಟ್ಟು, ಮಾತಾಡಿಸದಿದ್ದರೂ ಸಿಟ್ಟು. ಸೀಗಡಿ ಒಣಗಲು ಹಾಕಿ ಕಾಯಲು ಕೂತವಳು ನಾನು, ಕಾಗೆಗಳು ಬಂದದ್ದು ಗೊತ್ತಾಗಲಿಲ್ಲ.

"ಅತ್ತೆ, ಅರ್ಧ ಸೀಗಡಿ ಕಾಗೆ ತಿಂದ್ಕಂಡ್ ಹೋತು. ನೀವು ಎಂತ ಕಾಯ್ತಾ ಇದ್ರಿ?"

"ಓಡ್ಸುಕೆ ನಿಂಗೆ ಕೈ ಇಲ್ವೇ?"

"ನಂಗೆ ಕೈ ಉಂಟು. ಅದ್ರಲ್ಲಿ ಫೋನಿಲ್ಲ" ಎಂದಳು. ಬಾಯಿ ಜೋರು ಅವಳದ್ದು. ಆದರೆ ಸುಳ್ಳು ಹೇಳಿರಲಿಲ್ಲ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಅಂಗಳಕ್ಕೆ ಹೋದೆ. ಒಳಗೆ ಬಂದದ್ದೇ ಕೈ ಮತ್ತೆ ಡಬ್ಬದ ಹಿಂದೆ ಹೋಯಿತು.

ನಮ್ಮಲ್ಲಿ ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ, ಅಪಶಕುನ. ಏನಾದರೂ ಮರೆತಿದ್ದರೆ ಓಡಿಹೋಗಿ ಎದುರು ನಿಂತು ಕೊಡಬೇಕು. ಇದನ್ನು ಸೊಸೆಗೆ ಹೇಳಿಕೊಟ್ಟವಳು ನಾನೇ. ಆ ಬೆಳಿಗ್ಗೆ ಮಗ ಬುತ್ತಿ ಹಿಡಿದು ಅಂಗಳ ಇಳಿದ. ಅದೇ ಹೊತ್ತಿಗೆ ಫೋನಿನಲ್ಲಿ ಒಂದು ಬೋಟು, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಡ್ಡಬಿತ್ತು. ನೀಲಿ ಬೋಟು, ನಮ್ಮದರ ಹಾಗೆಯೇ. ಜನ ನೀರಿಗೆ ಬೀಳುತ್ತಿದ್ದರು.

"ಹೋಗ್ಬೇಡ್ವೋ!" ಎಂದು ಕೂಗಿಬಿಟ್ಟೆ.

ಮಗ ನಿಂತ. ಅವನ ಜೊತೆ ಹೊರಟಿದ್ದ ಪಕ್ಕದ ಮನೆಯವನೂ ನಿಂತ. "ಎಂತ ಮಾಡ್ದೆ ಆಯಿ ನೀನು!" ಎಂದು ಮಗ ಒಳಗೆ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೋದ. ಅಷ್ಟರಲ್ಲಿ ಪಕ್ಕದವನು ಬೋಟು ಕಟ್ಟುವ ಧಕ್ಕೆಯಲ್ಲಿ ಸುದ್ದಿ ಮುಟ್ಟಿಸಿದ್ದ. ಬೋಟು ನಡೆಸುವ ತಾಂಡೇಲ ಮಗನನ್ನು ಹತ್ತಿಸಿಕೊಳ್ಳಲಿಲ್ಲ. ಬೇರೆಯವನನ್ನು ಕರೆದುಕೊಂಡು ಹೋದ. ಬೋಟು ತುಂಬಿ ಬಂತು. ಹೊಸಬನ ಕಾಲ್ಗುಣ ಒಳ್ಳೆಯದೆಂದು ಉಳಿದವರೆಲ್ಲ ಅವನನ್ನೇ ಇಟ್ಟುಕೊಂಡರು. ಮಗನ ಜಾಗ ಹೋಯಿತು.

ನಾನೇ ಕೇಳಲು ಧಕ್ಕೆಗೆ ಹೋದೆ. ತಾಂಡೇಲ ಬಲೆ ನೋಡುತ್ತಿದ್ದ. ನನ್ನ ಗಂಡ ಬದುಕಿದ್ದಾಗ ಇಬ್ಬರೂ ಒಂದೇ ಬೋಟಿಗೆ ಹೋಗುತ್ತಿದ್ದವರು.

"ಅತ್ಗೆ, ನೀ ಎಂತ ಕಂಡು ಕರ್ದದ್ದು? ಗಾಳಿಯಾ, ಮೋಡವಾ?"

"ಫೋನಲ್ಲಿ ಕಂಡೆ."

ಮೀನು ಆರಿಸುತ್ತಿದ್ದ ಹೆಂಗಸರು ನಕ್ಕರು. "ಯಾವ ಊರ ಕಡಲೇ ಅದು, ಮಾರಾಯ್ತಿ?" ಎಂದು ಒಬ್ಬಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅದರಲ್ಲಿ ಮಾತಾಡಿದವರ ಭಾಷೆ ಕನ್ನಡವೂ ಅಲ್ಲ, ಕೊಂಕಣಿಯೂ ಅಲ್ಲ.

ತಾಂಡೇಲ ನಗಲಿಲ್ಲ. "ನಿನ್ನ ಗಂಡ ಇರುವಾಗ ನೀ ಬಾಗಿಲಲ್ಲಿ ನಿಂತು, ಇವತ್ತು ಗಾಳಿ ಸರಿಯಿಲ್ಲ ಅಂದ್ರೆ ನಾವು ಹಗ್ಗ ಬಿಚ್ತಿರ್ಲಿಲ್ಲ. ನೀ ಸುಮ್ನೆ ಕರೂದಿಲ್ಲ, ಅವನಿಗೇ ಏನೋ ಕಂಡದ್ದು ಅಂತ ನಿನ್ನ ಮಗನ್ನ ಬಿಟ್ಟು ಹೋದೆ. ಫೋನ್ ಅಂತ ಗೊತ್ತಿದ್ರೆ ಕರ್ಕಂಡೇ ಹೋಗ್ತಿದ್ದೆ."

"ಹಾಗಾದ್ರೆ ಈಗ ಕರ್ಕೋ."

"ಹುಣ್ಣಿಮೆ ಕಳೀಲಿ, ನೋಡ್ವ. ಈಗ ಇದ್ದವನ್ನ ಇಳ್ಸುಕೆ ಆಗುದಿಲ್ಲ."

ಮನೆಗೆ ಬರುವಾಗ ಕಡಲಿನ ಕಡೆ ನೋಡಿದೆ. ಮೈಗೆ ಗಾಳಿ ತಾಗಿತು. ಎಲ್ಲಿಂದ ಬೀಸುತ್ತಿದೆ ಎಂದು ಹೇಳಲು ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಮೊದಲು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು.

ಫೋನನ್ನು ಸೊಸೆಯ ಕೈಗೆ ಕೊಟ್ಟೆ, ಪೆಟ್ಟಿಗೆಯಲ್ಲಿ ಬೀಗ ಹಾಕಿಡು ಎಂದೆ. ಹಾಕಿದಳು. ಹುಣ್ಣಿಮೆ ಬಂತು, ಹೋಯಿತು. ತಾಂಡೇಲ ಕರೆಯಲಿಲ್ಲ. ಮಗ ಒಮ್ಮೊಮ್ಮೆ ಬೇರೆ ಬೋಟಿನಲ್ಲಿ ಆಳು ಕಡಿಮೆಯಾದರೆ ಹೋಗುತ್ತಾನೆ. ಉಳಿದ ದಿನ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತು ತನ್ನ ಫೋನು ತಳ್ಳುತ್ತಿರುತ್ತಾನೆ. ಊಟಕ್ಕೆ ಕರೆದರೆ "ಹ್ಞಾಂ" ಎನ್ನುತ್ತಾನೆ, ಏಳುವುದಿಲ್ಲ. ಎದುರು ನಿಂತು ಕರೆದರೂ ಕೇಳಿಸುವುದಿಲ್ಲ.

ನಿನ್ನೆ ಅವನ ಫೋನಿನಿಂದ ಅದೇ ಸದ್ದು ಬಂತು, ಅಲೆಯದ್ದು, ಜನ ಕೂಗುವುದು. ಬೈಯಬೇಕೆಂದು ಹತ್ತಿರ ಹೋದೆ. ಬೈಯಲಿಲ್ಲ. ಅವನ ಹೆಗಲ ಹಿಂದೆ ಬಗ್ಗಿ ನಿಂತು, ನೀರಿಗೆ ಬಿದ್ದವರು ಮೇಲೆ ಬಂದರೋ ಇಲ್ಲವೋ ಎಂದು ನೋಡುತ್ತಿದ್ದೆ. ಅವನು ಹೆಬ್ಬೆರಳಿನಿಂದ ಅದನ್ನು ಮೇಲೆ ತಳ್ಳಿಬಿಟ್ಟ.

"ಹಿಂದೆ ಮಾಡೋ, ಅದು ಮುಗೀಲಿಲ್ಲ" ಎಂದೆ.