ಖಾಲಿ ಉಳಿದ ಚಿಪ್ಪು

ಬಿಚ್ಚಿದ ಬೋಲ್ಟುಗಳನ್ನು ನಾನು ತೆಂಗಿನ ಚಿಪ್ಪಿನಲ್ಲಿ ಹಾಕಿಡುತ್ತೇನೆ. ಎಂಜಿನ್ನಿಗೆ ಗೇರ್‌ಬಾಕ್ಸ್ ಕೂರುವ ಕಡೆ ಎಷ್ಟು ತೂತಿವೆಯೋ ಅಷ್ಟು ಚಿಪ್ಪು, ಅದೇ ಸುತ್ತಿನಲ್ಲಿ ನೆಲದ ಮೇಲೆ ಜೋಡಿಸುತ್ತೇನೆ. ತೆಂಗಿನ ಸೀಮೆ ತುರುವೇಕೆರೆಯ ನನ್ನ ಗ್ಯಾರೇಜ್ ಶೆಡ್ಡಿನಲ್ಲಿ ಚಿಪ್ಪಿಗೇನು ಬರ? ಅವತ್ತು ಒಂದು ಚಿಪ್ಪು ಖಾಲಿ ಉಳಿದಿತ್ತು. ಹಿಂದೆ ಕೈಯಾಡಿಸಿದ ಯಾವನೋ ಪುಣ್ಯಾತ್ಮ ಅಲ್ಲಿಗೆ ಬೋಲ್ಟೇ ಹಾಕಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಕಾರು ನನ್ನ ಅಣ್ಣನದು. ಬಿಳಿಗೆರೆಯಿಂದ ಅತ್ತಿಗೆಯನ್ನು ವಾರಕ್ಕೆ ಎರಡು ಸಲ ತಿಪಟೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ಕಾರು. ಮೊದಲು ಬಾಡಿಗೆ ಕಾರಿನವರನ್ನು ಕರೆದಿದ್ದರು. ವಾಪಸು ಬರುವಾಗ ಅತ್ತಿಗೆ ಸೀಟಿನ ಮೇಲೆ ವಾಂತಿ ಮಾಡಿಕೊಂಡ ಮೇಲೆ ಅವರು ಫೋನೇ ಎತ್ತಲಿಲ್ಲ. ಅಂದಿನಿಂದ ಅತ್ತಿಗೆ ಬೇರೆಯವರ ಗಾಡಿ ಹತ್ತುವುದಿಲ್ಲ. ಈಗ ಕ್ಲಚ್ ಹೋಗಿ ಒಂದು ಸರದಿ ಆಗಲೇ ತಪ್ಪಿತ್ತು. ಮುಖ, ಕಾಲು ಊದಿಕೊಂಡಿದ್ದವು. ಮರುದಿನ ಬೆಳಿಗ್ಗೆ ಆರಕ್ಕೆ ಅವರು ಆಸ್ಪತ್ರೆಯಲ್ಲಿ ಇರಲೇಬೇಕಿತ್ತು.

ಕ್ಲಚ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು. ಕೆಳಗೆ ಜಾಕ್ ಕೊಟ್ಟು ಎಳೆದೆ. ಅಲುಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ, ಕಾದೆ, ಮತ್ತೆ ಎಳೆದೆ. ಸಂದಿಗೆ ಲಿವರ್ ಕೊಟ್ಟು ಮೀಟಿದೆ. ಕೆಳಗಡೆ ಉಗುರಿನಷ್ಟು ಬಾಯಿ ಬಿಟ್ಟಿತು. ಮೇಲುಗಡೆ ಜಪ್ಪಯ್ಯ ಅಂದರೂ ಇಲ್ಲ. ಅದರ ಕವಚ ಅಲ್ಯೂಮಿನಿಯಂನದು, ಒಂದೇ ಕಡೆ ಜಾಸ್ತಿ ಮೀಟಿದರೆ ಬಿರುಕು ಬಿಡುತ್ತದೆ. ಈ ಮಾಡೆಲ್ ಬರುವುದು ನಿಂತು ಎಷ್ಟೋ ವರ್ಷವಾಗಿದೆ, ಗುಜರಿಯಲ್ಲಿ ಇನ್ನೊಂದು ಹುಡುಕಲು ವಾರವಾದರೂ ಬೇಕು. ಇಷ್ಟೆಲ್ಲ ಗೊತ್ತಿದ್ದೂ ದೊಡ್ಡ ಸುತ್ತಿಗೆ ಎತ್ತಿಕೊಂಡೆ. ಮಧ್ಯಾಹ್ನ ದಾಟಿತ್ತು, ನನ್ನ ತಲೆ ಕೆಟ್ಟಿತ್ತು.

ಬೆಳಿಗ್ಗೆಯಿಂದ ಬಾಗಿಲಲ್ಲಿ ಸುಮ್ಮನೆ ಕೂತಿದ್ದ ಅಣ್ಣ ಎದ್ದು ಬಂದ. "ಹೊಡೀಬ್ಯಾಡ ಕಣ್ಲಾ. ಅದಿನ್ನೂ ಬುಟ್ಟಿಲ್ಲ."

"ನಿಂಗೇನ್ ಗೊತ್ತು ಮಣ್ಣು? ಹೋಗಿ ಕೊಬ್ರಿ ಒಡಿ ಹೋಗು!" ಎಂದುಬಿಟ್ಟೆ.

ನನಗಿಂತ ಹನ್ನೆರಡು ವರ್ಷ ದೊಡ್ಡವನು, ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅವನಿಗೆ ಅಂದ ಮಾತು ಅದು. ಇವತ್ತು ನೆನೆಸಿಕೊಂಡರೂ ನನ್ನ ನಾಲಿಗೆಯನ್ನು ಕಚ್ಚಿ ಹಾಕಬೇಕು ಅನಿಸುತ್ತದೆ.

ಅಣ್ಣ ಒಂದು ಸ್ಪಾನರ್ ಎತ್ತಿಕೊಂಡು ಬಾನೆಟ್ಟಿನೊಳಗೆ ಬಗ್ಗಿದ. ಅವನ ಜೀವಮಾನವೆಲ್ಲ ಕೊಬ್ಬರಿಯಲ್ಲೇ ಕಳೆದಿದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ತಟ್ಟಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಹೇಳುತ್ತಾನೆ. ಬಿಡುವ ಮುಂಚೆ ಒಡೆದರೆ ಕೊಬ್ಬರಿ ಚೂರಾಗುತ್ತದೆ. ಈಗ ಗೇರ್‌ಬಾಕ್ಸಿಗೂ ಹಾಗೆಯೇ ಕಿವಿ ಕೊಟ್ಟು ಅಂಚಿನುದ್ದಕ್ಕೂ ತಟ್ಟುತ್ತ ಹೋದ. ಟಣ್, ಟಣ್, ಟಣ್. ಮೇಲಿನ ಮೂಲೆಯಲ್ಲಿ ದಪ್ ಅಂದಿತು. ಮತ್ತೆ ತಟ್ಟಿದ. ಮತ್ತೆ ದಪ್.

"ಇಲ್ಲಿ ಹಿಡ್ಕಂಡೈತೆ. ನೋಡ್ಲಾ."

ನೋಡಿದೆ. ಗೇರಿನ ಕಡ್ಡಿಗಳು ಸೇರುವ ಜಾಗದ ಕೆಳಗೆ ಕಪ್ಪು ಅಂಟು ದೂಳಿನೊಂದಿಗೆ ಹೆಪ್ಪುಗಟ್ಟಿ ಗಡ್ಡೆಯಾಗಿತ್ತು. ಬೆಳಿಗ್ಗೆಯಿಂದ ಅದನ್ನು ಕವಚದ್ದೇ ಗುಬುಟು ಅಂದುಕೊಂಡಿದ್ದೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಇನ್ನಷ್ಟು ಕೆರೆದೆ. ಒಳಗೆ ಬೋಲ್ಟಿನ ತಲೆ!

ಅಯ್ಯೋ ಶಿವನೇ! ಸುತ್ತಿಗೆಯಲ್ಲಿ ಒಂದೇ ಒಂದು ಏಟು ಬಿದ್ದಿದ್ದರೆ ಕವಚ ಅಲ್ಲೇ ಸೀಳುತ್ತಿತ್ತು. ಸುತ್ತಿಗೆಯನ್ನು ದೂರ ಸರಿಸಿಟ್ಟೆ.

ಡೀಸೆಲ್ ಬಿಟ್ಟು ನೆನೆಸಿದೆ. ಅಣ್ಣ ರಿಂಗ್ ಸ್ಪಾನರನ್ನು ಅದುಮಿ ಹಿಡಿದ, ನಾನು ಅದಕ್ಕೆ ಪೈಪು ಸಿಕ್ಕಿಸಿ ನಿಧಾನಕ್ಕೆ ಒತ್ತಿದೆ. ಬೋಲ್ಟು ಮುರಿದರೆ ಮುಗಿದೇ ಹೋಯಿತು. ಕಿರ್ ಎಂದಿತು. ಬಳಿಕ ತಿರುಗಿತು. ಗೇರ್‌ಬಾಕ್ಸ್ ಜಾಕಿನ ಮೇಲೆ ತಾನಾಗಿಯೇ ಬಂದು ಕೂತಿತು.

ಜೀವ ಬಂದ ಮೇಲೆ ನನ್ನ ಬಾಯಿಗೂ ಜೀವ ಬಂತು. "ಯಾವ ಅಡ್ನಾಡಿ ಮೆಕ್ಯಾನಿಕ್ಕಣ್ಣ ಇಲ್ಲಿಗೆ ಕೊಬ್ರಿ ಎಣ್ಣೆ ಸುರಿದಿರೋದು?"

"ನಾನೇ ಕಣ್ಲಾ. ವಾರಕ್ಕೊಂದ್ಸಲ ಬುಡ್ತಿದ್ದೆ."

"ಯಾಕಣ್ಣ?"

"ಗೇರು ಬಿಗಿ ಆಗೈತೆ ಅಂದಾಗ ಗ್ರೀಸ್ ಹಾಕ್ಬೇಕು, ಡಬ್ಬಿ ನಾನೇ ತಂದ್ಕೊಡ್ತೀನಿ ಅಂದಿದ್ಯಲ್ಲ, ಹೋದ್ ಯುಗಾದೀಲಿ. ಎರಡ್ಸಲ ಫೋನ್ ಮಾಡ್ದೆ, ಕೆಲ್ಸ ಐತೆ ಅಂದೆ. ನಿಮ್ಮತ್ಗೆ ಅಂದ್ಲು, ಪಾಪ ಅವನಿಗ್ಯಾಕೆ ತೊಂದ್ರೆ ಕೊಡ್ತೀರಿ, ಮನೇಲಿ ಎಣ್ಣೆ ಐತಲ್ಲ ಅಂತ."

ಅವನ ದನಿಯಲ್ಲಿ ಆಕ್ಷೇಪಣೆಯೇ ಇರಲಿಲ್ಲ. ಅವನ ಬೆನ್ನ ಹಿಂದೆಯೇ ಹಲಗೆಯ ಮೇಲೆ ನನ್ನ ಗ್ರೀಸ್ ಡಬ್ಬಿಗಳು ಸಾಲಾಗಿ ಕೂತಿದ್ದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ಬೋಲ್ಟನ್ನು ಖಾಲಿ ಚಿಪ್ಪಿಗೆ ಹಾಕಿ ಕೆಲಸಕ್ಕೆ ಕೂತೆ. ಹೊಸ ಕ್ಲಚ್ ಕೂರಿಸಿ, ಗೇರಿನ ಕಡ್ಡಿಗಳ ಅಂಟನ್ನೆಲ್ಲ ತೊಳೆದು ಗ್ರೀಸ್ ಹಚ್ಚುವಷ್ಟರಲ್ಲಿ ರಾತ್ರಿಯಾಗಿತ್ತು.

ಮರುದಿನ ಬೆಳಿಗ್ಗೆ ಕಾರು ನಾನೇ ಓಡಿಸಿದೆ. ಪಕ್ಕದಲ್ಲಿ ಅತ್ತಿಗೆ, ಊದಿದ ಕಾಲು ಚಾಚಿಕೊಂಡು ಕೂತಿದ್ದರು. ಊರು ದಾಟುವಾಗ ನಾನು ಗೇರು ಬದಲಾಯಿಸಿದ್ದನ್ನು ನೋಡಿ ಅವರ ಮುಖ ಅರಳಿತು.

"ಎಷ್ಟ್ ಸಲೀಸಾಗ್ ಬೀಳ್ತೈತೆ ನೋಡಪ್ಪ! ನಿಮ್ಮಣ್ಣ ವಾರವಾರ ಎಣ್ಣೆ ಬುಟ್ಟಿದ್ದು ಸಾರ್ಥಕ ಆಯ್ತು."

"ಹೌದು ಅತ್ಗೆ" ಎಂದೆ. ಹಿಂದಿನ ಸೀಟಿನಲ್ಲಿ ಅಣ್ಣ, ನಾನು ಕೊಟ್ಟ ಗ್ರೀಸ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯಾಚೆ ನೋಡುತ್ತಿದ್ದ.