ಮೂರನೇ ಗುಂಡಿಯ ನೀರು

ಅವನನ್ನು ಎಲ್ಲರೂ ಕರೆಯುತ್ತಿದ್ದುದು ವೈರಣ್ಣ ಎಂದೇ. ವೈರಿಂಗ್ ಕೆಲಸದಿಂದ ಬಂದ ಹೆಸರೋ, ವೈರ ಕಟ್ಟಿಕೊಳ್ಳುವ ಗುಣದಿಂದ ಬಂದದ್ದೋ, ಅದು ಅವರವರ ಅನುಭವಕ್ಕೆ ಬಿಟ್ಟದ್ದು. ಗಾಡಿಗಳ ವೈರು, ಬ್ಯಾಟರಿ, ಕಾಯಿಲ್, ದೀಪ, ಹಾರ್ನ್ ಇವಿಷ್ಟು ಅವನ ರಾಜ್ಯ. ಕೆಲಸದಲ್ಲಿ ಹೆಸರಿಡುವಂತಿರಲಿಲ್ಲ, ಬಾಯಿ ಮಾತ್ರ ಬ್ಯಾಟರಿಯ ಆಸಿಡ್. ಗಿರಾಕಿ ತನ್ನ ಗಾಡಿಯ ರೋಗ ವಿವರಿಸಲು ಹೊರಟರೆ, "ಅಷ್ಟೆಲ್ಲ ಗೊತ್ತಿದ್ರೆ ಇಲ್ಲಿಗ್ಯಾಕೆ ಬಂದ್ರಿ?" ಎಂದು ಕೇಳುತ್ತಿದ್ದ. ಆದರೂ ಜನ ಬರುತ್ತಿದ್ದರು. ಹಾಯುವ ಹಸುವಾದರೂ ಹಾಲು ಕೊಡುತ್ತದಲ್ಲ ಎಂದು ಸಹಿಸಿಕೊಳ್ಳುತ್ತಿದ್ದರು.

ಅದೇ ಶೆಡ್ಡಿನ ಇನ್ನರ್ಧದಲ್ಲಿ ಅವನ ಹೆಂಡತಿಯ ತಮ್ಮನ ಕೆಲಸ ನಡೆಯುತ್ತಿತ್ತು. ರೇಡಿಯೇಟರ್, ಪಂಪು, ಪೈಪು, ಕೂಲೆಂಟ್, ಒಟ್ಟಿನಲ್ಲಿ ಎಂಜಿನ್ನಿನ ನೀರಿನದೆಲ್ಲ ಅವನದು. ಒಂದು ಕಾಲದಲ್ಲಿ ಭಾವ, ಭಾವಮೈದ ಇಬ್ಬರೂ ಒಂದೇ ಬಾನೆಟ್ಟಿನ ಕೆಳಗೆ ತಲೆಗೆ ತಲೆ ತಾಗಿಸಿ ದುಡಿದವರೇ. ಆಮೇಲೆ ಅವರು ರಿಪೇರಿ ಮಾಡಿದ ವ್ಯಾನೊಂದು ಹೊಗೆಯೆದ್ದು ಸುಟ್ಟುಹೋಯಿತು. ಹತ್ತು ಜನರೆದುರು ಭಾವಮೈದ, "ಇದು ಭಾವನ ವೈರಿಂದಲೇ ಆಗಿದ್ದು" ಎಂದ. ವೈರಣ್ಣ, "ಬಿಸಿ ವೈರಿನ ಮೇಲೆ ನೀರು ಸುರಿಸಿದೋನು ಯಾರೋ?" ಎಂದ. ತಪ್ಪು ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಸುಟ್ಟ ಗಾಡಿ ಸಾಕ್ಷಿ ಹೇಳುವುದಿಲ್ಲ. ಶೆಡ್ಡಿನ ನಡುವೆ ತಗಡಿನ ಗೋಡೆ ಎದ್ದಿತು. ಜೊತೆಗೊಂದು ಕಾನೂನೂ ಬಂತು: ವೈರನ್ನು ಭಾವಮೈದ ಮುಟ್ಟಕೂಡದು, ನೀರನ್ನು ಭಾವ ಮುಟ್ಟಕೂಡದು. ಮುಟ್ಟಲೇಬೇಕಾದರೆ ಆ ಕಡೆಗೆ ಬಂದು ಕೇಳಬೇಕು. ಕೇಳುವುದಕ್ಕಿಂತ ನಾಲಿಗೆ ಕಚ್ಚಿಕೊಂಡು ಸಾಯುವುದೇ ವಾಸಿ ಎಂದು ಇಬ್ಬರೂ ತೀರ್ಮಾನಿಸಿದ್ದರು.

ನಡುವೆ ಸಿಕ್ಕಿಕೊಂಡವಳು ಅವನ ಹೆಂಡತಿ. ಮಧ್ಯಾಹ್ನ ಊಟದ ಡಬ್ಬಿಗಳನ್ನು ಹಿಡಿದು ಬಂದಳೆಂದರೆ ಕಲಾಪ ಶುರು.

"ಏನೇ, ನಿನ್ನ ತಮ್ಮನಿಗೆ ಹೇಳು, ಅವನ ಕೊಚ್ಚೆ ನೀರು ಈ ಕಡೆ ಹರೀತಿದೆ."

ತಗಡಿನಾಚೆಗೆ ಅದೆಲ್ಲ ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ಅವಳು ಸುತ್ತು ಬಳಸಿ ಹೋಗಿ, "ನಿನ್ನ ಭಾವ ಹೀಗಂದ್ರು ಕಣೋ" ಎನ್ನಬೇಕು.

"ಇಳಿಜಾರು ಮಾಡಿದ್ದು ನಾನಲ್ಲ ಅಂತ ಹೇಳಕ್ಕ."

ಮತ್ತೆ ಅವಳು ಸುತ್ತಿಕೊಂಡು ಬರಬೇಕು. "ನನ್ನ ಚಪ್ಪಲಿ ಸವೆದಿದ್ದು ಸಂಸಾರದಿಂದಲ್ಲ, ಈ ತಗಡಿನಿಂದ" ಎಂದು ಅವಳು ನಗುತ್ತಿದ್ದಳು. ಜೊತೆಗೆ ನಗುವವರು ಯಾರೂ ಇರಲಿಲ್ಲ.

ಇಂಥ ಮನೆಗೆ ಮಗಳು ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಚಿಕ್ಕಂದಿನಿಂದಲೂ ಓಟದ ಗಾಡಿಗಳ ಹುಚ್ಚು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯದು.

"ಇದ್ರಲ್ಲಿ ಕೂತ್ಕೊಳ್ಳೋದೋ ಮಲಗೋದೋ?" ಎಂದಳು ತಾಯಿ.

"ಮುದಿ ಕುದುರೆಗೆ ಬಣ್ಣ ಬಳಿದು ನಿನ್ನ ತಲೆಗೆ ಕಟ್ಟಿದ್ದಾರೆ" ಎಂದ ತಂದೆ.

ಕುದುರೆ ಬೇಗನೆ ಕುಂಟತೊಡಗಿತು. ಏರು ಹತ್ತುವಾಗ ಎಂಜಿನ್ ಮಿಸ್ಸಿಂಗ್ ಹೊಡೆದು ಎಗರುತ್ತಿತ್ತು, ಶಕ್ತಿ ಉಡುಗುತ್ತಿತ್ತು. ಜೊತೆಗೆ ಕೂಲೆಂಟ್ ಬೇರೆ ಎಲ್ಲಿಗೋ ಹೋಗಿ ಡಬ್ಬಿ ಬರಿದಾಗುತ್ತಿತ್ತು. ಮಗಳು ಮೊದಲು ಬಂದದ್ದು ಅಪ್ಪನ ಕಡೆಗೆ.

ಎಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ನಾಲ್ಕು ಗುಂಡಿಗಳು. ಪ್ರತಿ ಗುಂಡಿಯ ತಳದಲ್ಲಿ ಒಂದು ಪ್ಲಗ್, ಅದರ ಮೇಲೆ ಕಿಡಿ ಕೊಡುವ ಒಂದು ಕಾಯಿಲ್. ವೈರಣ್ಣ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಕಾಯಿಲಿನ ವೈರು ಕಿತ್ತು ನೋಡಿದ. ಉಳಿದವನ್ನು ಕಿತ್ತಾಗ ಎಂಜಿನ್ ನಡುಗಿತು; ಮೂರನೆಯದನ್ನು ಕಿತ್ತರೆ ಅದಕ್ಕೆ ಖಬರೇ ಇಲ್ಲ. ಹೊಸ ಕಾಯಿಲ್ ಹಾಕಿದ. ಕೆಲವು ದಿನ ಗಾಡಿ ಓಡಿತು, ಮತ್ತೆ ಅದೇ ರಾಗ. ಆಗ ಅವನು ಮೂರನೇ ಗುಂಡಿಯ ಕಾಯಿಲನ್ನು ಒಂದನೆಯದಕ್ಕೂ, ಒಂದನೆಯದನ್ನು ಮೂರನೆಯದಕ್ಕೂ ಅದಲು ಬದಲು ಮಾಡಿದ. ರೋಗ ಕಾಯಿಲಿನದಾಗಿದ್ದರೆ ಕಾಯಿಲಿನ ಜೊತೆಗೇ ಒಂದನೇ ಗುಂಡಿಗೆ ಹೋಗಬೇಕಿತ್ತು. ಅದು ಮೂರನೆಯದರಲ್ಲೇ ಉಳಿಯಿತು.

ಟಾರ್ಚ್ ಬಿಟ್ಟು ಗುಂಡಿಯೊಳಗೆ ನೋಡಿದ. ತಳದಲ್ಲಿ ಹಸಿರು ನೀರು. ಕಾಯಿಲಿನ ಒದ್ದೆ ತುದಿ ಮೂಸಿದರೆ ಕೂಲೆಂಟಿನ ಸಿಹಿ ಸಿಹಿ ವಾಸನೆ. ಎಂಜಿನ್ನಿನ ಹಿಂಬದಿಯಲ್ಲಿ, ವೈರುಗಳ ಕಟ್ಟಿನ ಕೆಳಗೆ, ಒಂದು ಪ್ಲಾಸ್ಟಿಕ್ ಪೈಪು ತಿರುವಿನಲ್ಲಿ ಬಿರುಕು ಬಿಟ್ಟಿತ್ತು. ಎಂಜಿನ್ ಕಾದಾಗ ಅಲ್ಲಿಂದ ಜಿನುಗಿದ ಹನಿ ಹರಿದು ಬಂದು ಈ ಗುಂಡಿಗೆ ಇಳಿಯುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ನೀರಿನ ಪಾಲು. ಕಾಯಿಲ್ ಹಾಕಿದಷ್ಟೂ ಸಾಯುತ್ತದೆ. ಪೈಪು ಬದಲಿಸಿದರೆ ಎರಡು ರೋಗಕ್ಕೂ ಒಂದೇ ಮದ್ದು. ಆದರೆ ಪೈಪೆಂದರೆ ನೀರು, ನೀರೆಂದರೆ ಭಾವಮೈದ.

ಅವನು ಗುಂಡಿಯನ್ನು ಬಟ್ಟೆಯಿಂದ ಒರೆಸಿ, ಗಾಳಿ ಹೊಡೆದು ಒಣಗಿಸಿ, ಕಾಯಿಲನ್ನು ಒತ್ತಿ ಕೂರಿಸಿದ. "ನನ್ನ ಕಡೆ ಎಲ್ಲ ಸರಿಯಿದೆ. ಕೂಲೆಂಟ್ ಯಾಕೆ ಕಮ್ಮಿ ಆಗ್ತಿದೆ ಅಂತ ನಿಮ್ಮ ಮಾವನ್ನ ಕೇಳು" ಎಂದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಒಂದಲ್ಲ ಒಂದು ದಿನ ಗಾಡಿ ನಡುಬೀದಿಯಲ್ಲಿ ನಿಲ್ಲುತ್ತದೆ. ಬಾನೆಟ್ ಎತ್ತಿದರೆ ಹಸಿರು ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಟ್ಟ ವ್ಯಾನಿನ ಸಾಕ್ಷಿಯೂ ಅವತ್ತೇ ಸಿಕ್ಕಂತಾಗುತ್ತದೆ. ಈ ಯೋಚನೆಯಿಂದ ಅವನಿಗೆ ಎಂಥ ಸುಖವಾಯಿತೆಂದರೆ ಅವತ್ತು ಊಟ ಎಂದಿಗಿಂತ ಹೆಚ್ಚು ಸೇರಿತು.

ಮಗಳು ಗಾಡಿಯನ್ನು ಆ ಕಡೆಗೆ ಒಯ್ದಳು. ವೈರಣ್ಣ ತಗಡಿನ ತೂತಿಗೆ ಕಣ್ಣಿಟ್ಟು ನಿಂತ. ಭಾವಮೈದ ನೀರಿನ ದಾರಿಗೆ ಒತ್ತಡ ಕೊಟ್ಟು ಮೀಟರಿನ ಮುಳ್ಳು ನೋಡಿದ. ಮುಳ್ಳು ನಿಧಾನವಾಗಿ ಇಳಿಯಿತು, ಎಲ್ಲೋ ಸೋರುತ್ತಿದೆ ಎಂದರ್ಥ. ಎಂಜಿನ್ನಿನ ಹಿಂದಕ್ಕೆ ತಲೆ ತೂರಿಸಿ ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಸೋರಿಕೆ ಕಟ್ಟುವ ಪುಡಿ ಸುರಿದು, ಕೂಲೆಂಟ್ ತುಂಬಿಸಿ, "ನೀರಿನ ಕಡೆ ಏನೂ ಇಲ್ಲಮ್ಮ. ಎಂಜಿನ್ ಎಗರ್ತಿದೆ ಅಂದ್ರೆ ಅದು ವೈರಿನೋರ ಹಣೆಬರಹ" ಎಂದ.

ಕಣ್ಣೆದುರಿಗಿದ್ದರೂ ಕಾಣದ ಕುರುಡ ಎಂದು ವೈರಣ್ಣ ಒಳಗೊಳಗೇ ಹಿಗ್ಗಿದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಗಾಡಿ ಆ ಕಡೆಯಿಂದ ಈ ಕಡೆಗೆ ಓಡಾಡಿತು. ಕೊನೆಗೊಂದು ಸಂಜೆ ಮಗಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪ, ನಿಜ ಹೇಳು. ಇದನ್ನ ಓಡಿಸಬಹುದಾ, ಬೇಡ್ವಾ?"

ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಕಾರಣ ಹೇಳಿದರೆ ಅವಳು ಹೋಗಿ ಮಾವನಿಗೆ ಹೇಳುತ್ತಾಳೆ, ಅವನು ಸದ್ದಿಲ್ಲದೆ ಪೈಪು ಬದಲಿಸಿ ಬಚಾವಾಗುತ್ತಾನೆ.

"ಓಡಿಸು. ನಿಂತ್ರೆ ನಿಲ್ಲುತ್ತೆ, ಪ್ರಾಣ ಹೋಗುತ್ತಾ?" ಎಂದ.

ಎರಡು ದಿನ ಕಳೆದು, ಬಿದ್ದು ಕಾಲು ಉಳುಕಿಸಿಕೊಂಡಿದ್ದ ತನ್ನ ಅಕ್ಕನನ್ನು ನೋಡಲು ಹೆಂಡತಿ ನದಿಯಾಚೆಯ ಅವಳ ಮನೆಗೆ ಹೊರಟಳು. ಮಗಳು ಬಿಡುತ್ತೇನೆಂದಳು. ಹೆಂಡತಿ ಸೆರಗು ಒಳಗೆಳೆದುಕೊಂಡು, "ರೀ, ಇಳಿಯೋವಾಗ ಎಳೆಯೋಕೆ ಇಬ್ಬರು ಬೇಕು" ಎಂದು ನಗುತ್ತ ಆ ಬಾವಿಯಂಥ ಸೀಟಿಗೆ ಇಳಿದಳು. ವೈರಣ್ಣನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಗಡಿನಾಚೆ ಭಾವಮೈದ ಗಂಟಲು ಸರಿಮಾಡಿಕೊಂಡ. ಆ ಸದ್ದು ಕೇಳಿದ್ದೇ ತಡ, ವೈರಣ್ಣ ಮಾತನ್ನು ನುಂಗಿಕೊಂಡ. "ಜೋಪಾನ" ಎಂದಷ್ಟೇ ಹೇಳಿದ.

ಸೇತುವೆಯ ಏರಿನಲ್ಲಿ ಎಂಜಿನ್ ಎರಡು ಸಲ ಎಗರಿ ಸತ್ತೇ ಹೋಯಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ತುಳಿದದ್ದರಿಂದ ಇಬ್ಬರ ಜೀವ ಉಳಿಯಿತು. ಲಾರಿಯ ಮೂತಿ ತಾಗಿದ ರಭಸಕ್ಕೆ ಗಾಡಿ ತಿರುಗಿ ಸೇತುವೆಯ ಗೋಡೆಗೆ ಬಡಿಯಿತು. ಮಗಳಿಗೆ ತರಚು ಗಾಯ. ತಾಯಿಯ ಭುಜದ ಎಲುಬು ಮುರಿಯಿತು.

ಆಸ್ಪತ್ರೆಯಲ್ಲಿ ಗಂಡ ಬೆಂಚಿನ ಈ ತುದಿಯಲ್ಲಿ, ತಮ್ಮ ಆ ತುದಿಯಲ್ಲಿ ಕೂತಿದ್ದರು. ನಡುವೆ ಮೂವರು ಕೂರುವಷ್ಟು ಜಾಗ ಖಾಲಿಯಿತ್ತು. ಯಾರು ಯಾರೋ ಬಂದು ಅಲ್ಲಿ ಕೂತು ಎದ್ದುಹೋದರು.

ಅವಳು ಮನೆಗೆ ಬಂದ ಮೇಲೆ ಗಾಡಿಯನ್ನು ಎಳೆಸಿಕೊಂಡು ಬಂದು ಶೆಡ್ಡಿನ ಅಂಗಳದಲ್ಲಿ ನಿಲ್ಲಿಸಿದರು. ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿದರು. ಕೈಯನ್ನು ಜೋಲಿಗೆ ಹಾಕಿಕೊಂಡು ತಾಯಿಯೂ ಬಂದು ಸ್ಟೂಲಿನ ಮೇಲೆ ಕೂತಳು. ಮಗಳು ನೆಗ್ಗಿದ ಬಾನೆಟ್ಟನ್ನು ಎತ್ತಿ, "ಇವತ್ತು ಇಬ್ಬರೂ ಒಟ್ಟಿಗೆ ನೋಡಿ" ಎಂದಳು.

ವೈರಣ್ಣ ಮೂರನೇ ಗುಂಡಿಯ ಕಾಯಿಲ್ ಎಳೆದ. ತುದಿಯಿಂದ ಹಸಿರು ನೀರು ತೊಟ್ಟಿಕ್ಕಿತು. ಇಷ್ಟು ದಿನ ಕಾದ ಗಳಿಗೆ ಬಂದೇ ಬಿಟ್ಟಿತ್ತು. "ನೋಡ್ರಪ್ಪ, ಎಲ್ಲ ನೋಡಿ! ಇದು ವೈರಾ? ನೀರು! ಅವನ ಪೈಪಿನ ನೀರು! ಈ ಕುರುಡನಿಗೆ ಕಾಣಲಿಲ್ಲ!"

"ಕುರುಡ ಯಾರು?" ಭಾವಮೈದ ಮುನ್ನುಗ್ಗಿದ. "ಆ ಬಿರುಕು ನಾನು ಮೊದಲ ದಿನವೇ ನೋಡಿದೀನಿ! ನಿಮ್ಮ ವೈರಿನ ಕಟ್ಟು ಬಿಚ್ಚದೆ ಅಲ್ಲಿಗೆ ಕೈ ಹೋಗಲ್ಲ. ನಾನು ಬಂದು ನಿಮ್ಮನ್ನ ಕೇಳ್ಬೇಕಾ?"

"ನೀನು ನೋಡಿದ್ದು ಆಮೇಲೆ ಕಣೋ! ಗುಂಡೀಲಿ ನೀರಿದೆ ಅಂತ ನಾನು ನಿನಗಿಂತ ಮುಂಚೆ ನೋಡಿದೀನಿ!"

ಹೆಂಡತಿ ಸ್ಟೂಲಿನಿಂದ ಎದ್ದಳು. "ರೀ, ನಾನು ಹತ್ತೋವಾಗ ನಿಮಗಿದು ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಆದರೆ ಅಷ್ಟು ಜನರೆದುರು ಇಲ್ಲ ಎಂದರೆ ಕೆಲಸ ಬಾರದವನಾಗುತ್ತಾನೆ. ಕೆಟ್ಟವನೆನಿಸಿಕೊಂಡಾನು, ದಡ್ಡನೆನಿಸಿಕೊಳ್ಳಲಾರ. "ಗೊತ್ತಿಲ್ದೆ ಏನು? ಈ ಕೆಲಸದಲ್ಲೇ ತಲೆ ನೆರೆತಿದೆ ನಂದು."

ಅವಳು ತಮ್ಮನ ಕಡೆ ತಿರುಗಿದಳು. "ನಿಂಗೂ?"

"ನನಗೇನು ಕಣ್ಣಿಲ್ವಾ ಅಕ್ಕ?" ಎಂದ ಅವನು ಅಷ್ಟೇ ಜೋರಾಗಿ.

ಹೇಳಿ ಮುಗಿಸಿದ ಮೇಲೆ ಇಬ್ಬರಿಗೂ ತಾವು ಹೇಳಿದ್ದೇನೆಂದು ತಿಳಿಯಿತು. ಅವಳು ಅಳಲಿಲ್ಲ, ಬಯ್ಯಲಿಲ್ಲ. ಮಗಳ ತೋಳು ಹಿಡಿದುಕೊಂಡು ಮನೆಯ ಕಡೆಗೆ ನಡೆದಳು.

ಮರುದಿನ ಇಬ್ಬರೂ ಆ ಕೆಲಸ ಮಾಡಿದರು. ಒಬ್ಬ ವೈರಿನ ಕಟ್ಟು ಬಿಚ್ಚಿ ಎತ್ತಿ ಹಿಡಿದ, ಇನ್ನೊಬ್ಬ ಪೈಪು ಬದಲಿಸಿದ. ತುಟಿ ಪಿಟಕ್ಕೆನ್ನಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಮುಗಿಯಿತು. ಎಂಜಿನ್ ಒಂದೇ ದನಿಯಲ್ಲಿ ಓಡಿತು. ಗಾಡಿ ಒಯ್ಯಲು ಮಗಳು ಬರಲಿಲ್ಲ, ಬೇರೆ ಗ್ಯಾರೇಜಿನವನೊಬ್ಬ ಬಂದು ಕೀ ಕೇಳಿದ. ಉಳಿದದ್ದನ್ನೆಲ್ಲ ಅಲ್ಲೇ ಮಾಡಿಸುತ್ತಾರಂತೆ.

ಮನೆಯಲ್ಲಿ ಹೆಂಡತಿ ಒಂದೇ ಕೈಯಲ್ಲಿ ಬೇಯಿಸಿ ಬಡಿಸುತ್ತಿದ್ದಳು, ಕರೆದರೆ ತಿರುಗಿ ನೋಡುತ್ತಿದ್ದಳು. ಮಾತು ಮಾತ್ರ ಇಲ್ಲ. ಅವನು ಕೂಗಾಡಿ ನೋಡಿದ, ಊಟ ಬಿಟ್ಟು ನೋಡಿದ, ಮೆತ್ತಗಾಗಿ "ಲೇ, ಭುಜ ನೋಯುತ್ತಾ?" ಎಂದೂ ಕೇಳಿ ನೋಡಿದ. ಮಳೆಗಾಲ ಕಳೆದು ಎಲುಬು ಕೂಡಿಕೊಂಡಿತು. ಅವಳು ಬಾಯಿ ಬಿಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವನು ತಗಡಿನ ಬಳಿ ಬಂದು ನಿಂತ. ಎಷ್ಟೋ ವರ್ಷದ ಮೇಲೆ ಬೈಗುಳವಲ್ಲದ ಒಂದು ಮಾತು ಆ ಕಡೆಗೆ ಆಡಬೇಕಿತ್ತು.

"ಲೋ, ನಿಮ್ಮಕ್ಕ ನಿನ್ನ ಹತ್ರ ಏನಾದ್ರೂ ಮಾತಾಡಿದ್ಲಾ?"

ಆಚೆ ಸುತ್ತಿಗೆಯ ಸದ್ದು ನಿಂತಿತು.

"ಇಲ್ಲ ಭಾವ. ನಿಮ್ಮ ಹತ್ರ?"