ಅಧ್ಯಕ್ಷೆಯ ಮೊದಲ ಭಾಷಣ

ತೊಂಬತ್ತರ ದಶಕದ ನಡುವಿನ ವರ್ಷಗಳು. ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರ ಮಹಡಿಯಲ್ಲಿ ಕೋಣೆ ಹಿಡಿದು ನಾನು ಭಾಷಣ ಬರೆದುಕೊಡುತ್ತಿದ್ದೆ. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಸೊಸೈಟಿ ಅಧ್ಯಕ್ಷರು, ಮಂಡಿ ವರ್ತಕರು, ಚುನಾವಣೆ ಗೆದ್ದವರು, ಸೋತವರು ಎಲ್ಲರೂ ಬರುತ್ತಿದ್ದರು. ನನ್ನ ಕಸುಬಿನಲ್ಲಿ ‘ಪೀಠಿಕೆ’ ಎಂದರೆ ವೇದಿಕೆಯಲ್ಲಿ ಕೂತವರ ಹೆಸರುಗಳನ್ನು ಅಂತಸ್ತಿಗೆ ತಕ್ಕಂತೆ ಜೋಡಿಸುವುದು. ಒಂದು ಹೆಸರು ಹಿಂದುಮುಂದಾದರೆ ಇಡೀ ಭಾಷಣ ಕೆಟ್ಟಂತೆ. ಚಪ್ಪಾಳೆಗಾಗಿ ಮಾತು ನಿಲ್ಲಿಸಬೇಕಾದ ಕಡೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದೆ. ಕೆಲವೇ ವರ್ಷಗಳಲ್ಲಿ ನನಗೆ ಇದೆಲ್ಲ ಸಾಕಾಗಿಹೋಗಿತ್ತು. ಸನ್ಮಾನಕ್ಕೆ ಬರೆದ ವಾಕ್ಯವನ್ನೇ ಸ್ವಲ್ಪ ತಿರುವಿದರೆ ಶ್ರದ್ಧಾಂಜಲಿಗೂ ಆಗುತ್ತಿತ್ತು. ಯಾರೂ ಗಮನಿಸುತ್ತಿರಲಿಲ್ಲ.

ಆಗ ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿ ಇನ್ನೂ ಹೊಸತು. ಸೊರಬ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿಯಿಂದ ರುದ್ರಪ್ಪ ಎಂಬ ಅಕ್ಕಿ ಗಿರಣಿ ಮಾಲೀಕರು ಬಂದರು. ಅವರ ಹೆಂಡತಿ ಗೌರಮ್ಮ ಗ್ರಾಮ ಪಂಚಾಯತಿ ಅಧ್ಯಕ್ಷೆಯಾಗಿದ್ದರು. ಊರಿಗೆ ಆರೋಗ್ಯ ಉಪಕೇಂದ್ರ, ಅಂದರೆ ನರ್ಸ್ ಒಬ್ಬರು ಇರುವ ಸಣ್ಣ ಆಸ್ಪತ್ರೆ, ಮಂಜೂರಾಗಿತ್ತು. ಅದಕ್ಕೆ ಜಾಗ ಗೊತ್ತುಮಾಡಲು ಅಧಿಕಾರಿಗಳು ಬರುವ ಸಭೆಯಲ್ಲಿ ಅಧ್ಯಕ್ಷೆ ಮಾತಾಡಬೇಕಿತ್ತು.

“ಗಿರಣಿ ಪಕ್ಕದ ನಮ್ಮ ಜಾಗ ಊರಿಗೆ ಬಿಟ್ಟು ಕೊಡ್ತೀವಿ ಅಂತ ಬರೀರಿ ಮೇಷ್ಟ್ರೇ. ಉಳಿದದ್ದು ನಿಮಗೆ ಗೊತ್ತೇ ಐತೆ. ಆಕೆ ಓದ್ತಾಳೆ,” ಎಂದರು ರುದ್ರಪ್ಪ. ಆಸ್ಪತ್ರೆ ಅಲ್ಲಿ ಬಂದರೆ ಗಿರಣಿಯ ಬಾಗಿಲಿಗೆ ಡಾಂಬರು ರಸ್ತೆ ಬರುತ್ತದೆಂಬ ಲೆಕ್ಕ ನನಗೂ ಅರ್ಥವಾಯಿತು. ಅದು ನನಗೆ ಸಂಬಂಧಿಸಿದ್ದಲ್ಲ ಎಂದುಕೊಂಡು ಬರೆದೆ.

ಹೊಸಬರಿಗೆ ಓದಿಸಿ ರೂಢಿ ಮಾಡಿಸುವುದೂ ನನ್ನ ಕೆಲಸವೇ. ಸಭೆಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೋದೆ. ರುದ್ರಪ್ಪ ಗಿರಣಿಯಲ್ಲಿದ್ದರು. ಗೌರಮ್ಮ ಪಡಸಾಲೆಯಲ್ಲಿ ಕೂತು, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು. ಅರ್ಧಕ್ಕೆ ನಿಲ್ಲಿಸಿದರು.

“ಚೆನ್ನಾಗೈತ್ರೀ. ಆದ್ರೆ ಇದು ನಮ್ಮನೆಯೋರ ಮಾತು.”

“ನಿಮ್ಮ ಮಾತು ಯಾವುದಮ್ಮ?” ಎಂದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಹಳ್ಳದ ಆಚೆ ಕಾಡಿಗೆ ಹೊಂದಿಕೊಂಡು ಒಂದು ಕೇರಿಯಿತ್ತು. ಅಲ್ಲಿಯ ಹೆಂಗಸರು ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರು. ಅಲ್ಲಿ ಉಣುಗು, ಅಂದರೆ ಕಾಡಿನ ಉಣ್ಣೆಹುಳ, ಕಚ್ಚಿ ಮಂಗನ ಕಾಯಿಲೆಯ ಜ್ವರ ಹತ್ತುತ್ತಿದ್ದದ್ದು ಹೆಚ್ಚಾಗಿ ಅವರಿಗೇ.

“ಗಿರಣಿ ಹತ್ರ ಆಸ್ಪತ್ರೆ ಕಟ್ಟಿದ್ರೆ ಜ್ವರ ಬಂದೋಳು ಹಳ್ಳ ದಾಟಿ ಅಷ್ಟು ದೂರ ನಡ್ಕಂಡು ಬರ್ಬೇಕಲ್ರೀ? ಹೋದ ಬೇಸಿಗೇಲಿ ಆ ಕೇರಿ ಹಾಲಮ್ಮ ಜ್ವರದಲ್ಲೇ ಬಸ್ಸಿಗೆ ಅಂತ ಹಂಗೇ ಹೊರಟಿದ್ಲು. ಅರ್ಧ ದಾರೀಲೇ ಕುಸಿದು ಕೂತ್ಲು. ಟ್ರ್ಯಾಕ್ಟರ್ ತರಿಸಿ, ಅವಳ ತಲೆ ನನ್ನ ತೊಡೆ ಮೇಲೆ ಇಟ್ಕಂಡು ಸೊರಬಕ್ಕೆ ಹೋದೆ. ಉಳೀಲಿಲ್ಲ.”

“ಯಜಮಾನರು ಒಪ್ತಾರೇನಮ್ಮ?”

“ಕೇಳಿದ್ರೆ ಒಪ್ಪಲ್ಲ. ಅದಕ್ಕೇ ಅವರನ್ನ ಕೇಳಿಲ್ಲ, ನಿಮಗೆ ಹೇಳ್ತಿದೀನಿ.”

ನನ್ನನ್ನು ಕರೆಸಿದವರು ರುದ್ರಪ್ಪ. ಆದರೆ ನಾಳೆ ಜನರ ಮುಂದೆ ನಿಲ್ಲುವವರು ಈಕೆ. ಹೊಸ ಹಾಳೆ ತೆಗೆದೆ. ಅವರು ಹೇಳಿದರು, ನಾನು ಬರೆದು ಓದಿ ತೋರಿಸಿದೆ. ‘ಕೋರುತ್ತೇನೆ’ ಎಂದು ಬರೆದದ್ದಕ್ಕೆ ತಡೆದರು. “ಅದು ಬ್ಯಾಡ್ರೀ, ನಾನು ಯಾವತ್ತೂ ಹಂಗಂದಿಲ್ಲ. ‘ಕೇಳ್ತೀನಿ’ ಅಂತಿರ್ಲಿ.” ಭಾಷಣ ಒಂದು ಪುಟವೂ ಆಗಲಿಲ್ಲ. ಕೆಂಪು ಗೆರೆ ಎಲ್ಲೂ ಹಾಕಲಿಲ್ಲ.

ಮರುದಿನ ಸಭೆ ಸೇರಿದ್ದು ಶಾಲೆಯ ಜಗಲಿಯಲ್ಲಿ. ಗೌರಮ್ಮ ಹಾಳೆ ಹಿಡಿದು ಎದ್ದು ನಿಂತರು. ಏರಿಳಿತವಿಲ್ಲದೆ ಓದಿದರು. ಹಾಲಮ್ಮ ಅರ್ಧ ದಾರಿಯಲ್ಲೇ ಕುಸಿದದ್ದನ್ನೂ ಹೇಳಿದರು. ಕೊನೆಗೆ, “ಆಸ್ಪತ್ರೆ ಕೇರಿ ಕಡೆಗೇ ಆಗ್ಲಿ ಅಂತ ಕೇಳ್ತೀನಿ,” ಎಂದು ಕೂತುಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

“ಹೌದ್ರೀ ಸಾಹೇಬ್ರೇ. ಹಾಲಮ್ಮ ನನ್ನ ಮಗಳು.”

ಅಧಿಕಾರಿ ಕನ್ನಡಕ ತೆಗೆದು, “ಆ ಕೇರಿ ನೋಡೋಣ ನಡೀರಿ,” ಎಂದರು. ಎಲ್ಲರೂ ಹಳ್ಳದ ಕಡೆ ಹೊರಟರು. ರುದ್ರಪ್ಪ ಮಾತ್ರ ಕುರ್ಚಿಯಿಂದ ಏಳದೆ ನನ್ನನ್ನು ಹತ್ತಿರ ಕರೆದರು.

“ನಾನು ಹೇಳಿದ್ದು ಬರೀರಿ ಅಂದ್ರೆ ಆಕೆ ಹೇಳಿದ್ದು ಬರೆದ್ರಲ್ಲ ಮೇಷ್ಟ್ರೇ?”

“ಮಾತಾಡೋರು ಅವರಲ್ವೇನ್ರೀ?”

“ಇನ್ನು ನಮ್ಮ ಕಡೆ ನಿಮಗೆ ಕೆಲಸ ಇಲ್ಲ ಬಿಡ್ರಿ.”

ಹಾಗೆಯೇ ಆಯಿತು. ಯಜಮಾನನ ಬೆನ್ನ ಹಿಂದೆ ಹೆಂಡತಿಗೆ ಬರೆದುಕೊಡುವವನು ಎಂಬ ಮಾತು ಹಬ್ಬಿ, ಸೊರಬದ ಕಡೆಯ ಗಿರಾಕಿಗಳು ನಿಂತೇಹೋದರು. ಉಪಕೇಂದ್ರ ಗಿರಣಿಯ ಪಕ್ಕಕ್ಕೆ ಬರಲಿಲ್ಲ, ಕೇರಿಗೂ ಪೂರ್ತಿ ಹೋಗಲಿಲ್ಲ. ಸರ್ಕಾರಿ ಜಾಗ ಸಿಕ್ಕಿದ ಕಡೆ ಕಟ್ಟಿದರು. ಆದರೆ ಅದು ಹಳ್ಳದ ಆಚೆ, ಕೇರಿಯ ಕಡೆಯ ದಡದಲ್ಲಿತ್ತು. ಇಷ್ಟಕ್ಕೆ ಗೆದ್ದೆವೆನ್ನಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಮುಂದಿನ ವರ್ಷ ಗೌರಮ್ಮ ಒಬ್ಬರೇ ಬಸ್ ಹತ್ತಿ ನನ್ನ ಕೋಣೆಗೆ ಬಂದರು. ಸೊರಗಿದ್ದರು. ಮನೆಯಲ್ಲಿ ಗಂಡ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ಈಗ ಊಟಕ್ಕೆ ಕೂತಾಗ “ಸಾರು ಹಾಕು” ಎನ್ನುವಷ್ಟು ಆಗಿದೆ ಎಂದು ನಕ್ಕರು. ತಾಲ್ಲೂಕು ಸಭೆಯಲ್ಲಿ ನರ್ಸ್ ಸರಿಯಾಗಿ ಬರುತ್ತಿಲ್ಲವೆಂದು ಹೇಳಬೇಕಿತ್ತು. ನಾನು ಹಾಳೆ ತೆಗೆದೆ.

“ಬರೀಬ್ಯಾಡ್ರೀ. ನಾನೇ ಹೇಳ್ತೀನಿ. ಕೇಳಿಸ್ಕಂಡು ಎಲ್ಲಿ ತಪ್ಪೈತೆ ಅಷ್ಟು ಹೇಳ್ರಿ.”

ಕೇಳಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.

ಆಮೇಲೂ ಸನ್ಮಾನ, ಶ್ರದ್ಧಾಂಜಲಿ ಬರೆಯುತ್ತಲೇ ಇದ್ದೆ, ಬದುಕಬೇಕಲ್ಲ. ದಣಿವೇನೂ ಕಡಿಮೆಯಾಗಲಿಲ್ಲ. ಆದರೆ ಮಾತಾಡುವವರು ನನ್ನೆದುರು ಕೂತು ತಮ್ಮ ಬಾಯಿಂದಲೇ ಹೇಳದ ಹೊರತು ಒಂದು ಸಾಲೂ ಬರೆಯಲಿಲ್ಲ. ಭಾಷಣ ಬರೆಯುವವನಿಗೆ ಪೆನ್ನಿಗಿಂತ ಮೊದಲು ಬೇಕಾದದ್ದು ಕಿವಿ. ಅಷ್ಟನ್ನು ಕಲಿಯುವ ಹೊತ್ತಿಗೆ ನನ್ನ ಅರ್ಧ ವೃತ್ತಿ ಮುಗಿದಿತ್ತು.